ರೇಡಿಯೇಟರಿನ ನೀರು ಎಲ್ಲಿಗೆ ಹೋಯಿತು?

ಹಳೆಯ ಕಾರು ಇಟ್ಟುಕೊಂಡವರು ಪದೇ ಪದೇ ಹೇಳುವ ಮಾತೊಂದಿದೆ: ‘ಎಂಜಿನ್ ಗಟ್ಟಿಯಾಗಿದೆ, ವಾರಕ್ಕೊಂದು ಸಲ ರೇಡಿಯೇಟರಿಗೆ ಸ್ವಲ್ಪ ನೀರು ಹಾಕಿಕೊಂಡರೆ ಸಾಕು.’ ಗ್ಯಾರೇಜಿನಲ್ಲಿ ಕೇಳಿದರೆ ಅಲ್ಲೂ ಅದೇ ಸಮಾಧಾನ. ‘ಹಳೇ ಗಾಡಿ ಅಲ್ವಾ ಸಾರ್, ಸ್ವಲ್ಪ ನೀರು ಕುಡಿಯುತ್ತೆ.’ ಈ ಮಾತನ್ನು ನಂಬಿ ಎಷ್ಟೋ ಒಳ್ಳೆಯ ಎಂಜಿನ್‌ಗಳು ಗುಜರಿ ಸೇರಿವೆ. ಎಂಜಿನ್ ಪೆಟ್ರೋಲ್ ಕುಡಿಯುತ್ತದೆ. ವಯಸ್ಸಾದಂತೆ ಆಯಿಲ್ ಕುಡಿಯುವುದೂ ಉಂಟು. ನೀರು ಮಾತ್ರ ಕುಡಿಯುವುದಿಲ್ಲ. ರೇಡಿಯೇಟರ್, ಹೋಸ್ ಪೈಪುಗಳು, ವಾಟರ್ ಪಂಪ್, ಸಿಲಿಂಡರುಗಳ ಸುತ್ತಲಿನ ನೀರಿನ ದಾರಿ ಎಲ್ಲ ಸೇರಿ ಅದೊಂದು ಮುಚ್ಚಿದ ವ್ಯವಸ್ಥೆ. ಅಲ್ಲಿ ನೀರು ಕಡಿಮೆಯಾಗುತ್ತಿದೆ ಎಂದರೆ ಒಂದೋ ಹೊರಗೆ ಸೋರುತ್ತಿದೆ, ಇಲ್ಲವೇ ಒಳಗೆ ಹೋಗಬಾರದ ಕಡೆ ಹೋಗುತ್ತಿದೆ. ಅದು ಎಲ್ಲಿ ಎಂದು ಪತ್ತೆಯಾದರೆ ಮುಕ್ಕಾಲು ರಿಪೇರಿ ಮುಗಿದಂತೆಯೇ. ಪತ್ತೆ ಮಾಡದೆ ನೀರು ಸುರಿಯುತ್ತಾ ಹೋಗುವುದು ಮಾತ್ರ ಎಂಜಿನ್‌ಗೆ ಮಾಡುವ ದ್ರೋಹ.

ಮಾತು ಸ್ಪಷ್ಟವಾಗಲಿ ಎಂದು ನಮಗೆಲ್ಲ ಪರಿಚಯವಿರುವ ಮಾರುತಿ 800ನ್ನೇ ಮುಂದಿಟ್ಟುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಅಲ್ಯೂಮಿನಿಯಂ ಹೆಡ್, ಮುಂದೆ ರೇಡಿಯೇಟರ್, ಅದಕ್ಕೊಂದು ವಿದ್ಯುತ್ ಫ್ಯಾನ್. ಝೆನ್, ಎಸ್ಟೀಮ್, ಸ್ಯಾಂಟ್ರೊ ಯಾವುದೇ ಇರಲಿ, ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ ಲೆಕ್ಕಾಚಾರ ಇದೇ. ಅಂಬಾಸಿಡರ್ ಮತ್ತು ಪದ್ಮಿನಿಗಳಲ್ಲಿ ಫ್ಯಾನನ್ನೂ ಬೆಲ್ಟೇ ತಿರುಗಿಸುತ್ತಿತ್ತು. ಹಾಗಾಗಿ ಟ್ರಾಫಿಕ್ಕಿನಲ್ಲಿ ಎಂಜಿನ್ ನಿಧಾನವಾದಾಗ ಫ್ಯಾನೂ ನಿಧಾನವಾಗುತ್ತಿತ್ತು. ಘಾಟಿ ಹತ್ತಿದ ಮೇಲೆ ಬಾನೆಟ್ ಎತ್ತಿ ನಿಲ್ಲಿಸುವುದು ಆ ಕಾಲದ ಪ್ರಯಾಣದ ಭಾಗವೇ ಆಗಿತ್ತು.

ಪೆಟ್ರೋಲ್ ಉರಿದಾಗ ಹೊರಡುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸ್ಥೂಲವಾಗಿ ಮೂರನೇ ಒಂದು ಪಾಲು, ಅದೂ ಕಷ್ಟಪಟ್ಟು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ. ಉಳಿದದ್ದರ ಬಹುಭಾಗವನ್ನು ಹೊತ್ತು ಹೊರಗೆ ಹಾಕಬೇಕಾದದ್ದು ಕೂಲೆಂಟ್. ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ ಕ್ಷಣಮಾತ್ರ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಇವೆರಡರ ನಡುವೆ ಕಾವಲು ನಿಂತಿರುವುದು ಬೆರಳಗಲದ ನೀರಿನ ದಾರಿ. ಅಲ್ಲಿ ನೀರಿನ ಬದಲು ಆವಿಯ ಗುಳ್ಳೆ ನಿಂತರೂ ಆ ಜಾಗದ ಲೋಹ ತಣಿಯುವುದಿಲ್ಲ.

ನೀರು ಕುದಿಯಬಾರದೆಂದೇ ರೇಡಿಯೇಟರಿನ ತಲೆಯ ಮೇಲೆ ಸ್ಪ್ರಿಂಗ್ ಇರುವ ಕ್ಯಾಪ್ ಇಟ್ಟಿದ್ದಾರೆ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಆಸುಪಾಸಿಗೆ. ಎಂಜಿನ್ ಚೆನ್ನಾಗಿ ಕೆಲಸ ಮಾಡುವ ತಾಪವೇ 90 ಡಿಗ್ರಿಯ ಸುತ್ತಮುತ್ತ. ಅಂದರೆ ಅಂತರ ಬಹಳ ಕಡಿಮೆ. 0.9 ಎಂದು ಬರೆದಿರುವ ಕ್ಯಾಪ್ ಒಳಗಿನ ಒತ್ತಡವನ್ನು ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿಗೆ ಹಿಡಿದಿಡುತ್ತದೆ. ಬರೀ ನೀರಿದ್ದರೂ ಕುದಿಯುವ ಬಿಂದು 118ರ ಹತ್ತಿರಕ್ಕೆ ಏರುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ 125ರವರೆಗೂ ಹೋಗುತ್ತದೆ. ಕ್ಯಾಪಿನ ಕೆಳಗಿನ ರಬ್ಬರ್ ಒಣಗಿ ಬಿರುಕುಬಿಟ್ಟರೆ, ಸ್ಪ್ರಿಂಗ್ ಸೋತರೆ, ಈ ರಕ್ಷಣೆ ಪೂರ್ತಿ ಹೋಯಿತು. ಎಲ್ಲೂ ಸೋರಿಕೆ ಕಾಣದೆ ನೀರು ಕಮ್ಮಿಯಾಗುವ ಹಳೆಯ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಈ ಕ್ಯಾಪನ್ನೇ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇಷ್ಟು ಅಗ್ಗಕ್ಕೆ ಸಿಗುವ, ಇಷ್ಟು ದೊಡ್ಡ ಕೆಲಸ ಮಾಡುವ ಇನ್ನೊಂದು ವಸ್ತು ಇರಲಾರದು. ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಯನ್ನೇ ನೋಡಿ ಕೇಳಿ. ಹೆಚ್ಚು ಒತ್ತಡದ ಕ್ಯಾಪ್ ಹಾಕಿದರೆ ಇನ್ನೂ ಒಳ್ಳೆಯದೆಂಬ ಲೆಕ್ಕ ತಪ್ಪು. ಹಳೆಯ ಹೋಸುಗಳು ಅದನ್ನು ತಡೆಯುವುದಿಲ್ಲ.

ಕ್ಯಾಪಿಗೆ ಇನ್ನೊಂದು ಕೆಲಸವೂ ಇದೆ. ಬಿಸಿಯಾಗಿ ಹಿಗ್ಗಿದ ಕೂಲೆಂಟನ್ನು ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಬಿಡಬೇಕು, ತಣ್ಣಗಾದಾಗ ಅಲ್ಲಿಂದ ವಾಪಸ್ ಎಳೆದುಕೊಳ್ಳಬೇಕು. ಬೆಳಿಗ್ಗೆ ನೋಡಿದರೆ ಬಾಟಲಿ ತುಂಬಿದೆ, ರೇಡಿಯೇಟರ್ ಮಾತ್ರ ಅರ್ಧ ಖಾಲಿ ಎಂದಾದರೆ ಆ ವಾಪಸಾತಿ ನಡೆಯುತ್ತಿಲ್ಲ; ಕ್ಯಾಪಿನ ಒಳಕವಾಟ ಕೆಟ್ಟಿದೆ ಅಥವಾ ಬಾಟಲಿಯ ಸಣ್ಣ ಪೈಪ್ ಗಾಳಿ ಎಳೆಯುತ್ತಿದೆ. ತಣ್ಣಗಾದ ಎಂಜಿನ್‌ನಲ್ಲಿ ಮೇಲಿನ ಹೋಸ್ ಚಪ್ಪಟೆಯಾಗಿ ಒಳಸೇದಿಕೊಂಡಿದ್ದರೆ ಅದೂ ಇದೇ ಕಾಯಿಲೆ. ಬಾಟಲಿಯನ್ನಷ್ಟೇ ನೋಡಿ ‘ನೀರಿದೆ’ ಎಂದು ಹೊರಡುವ ಅಭ್ಯಾಸ ಅಪಾಯಕಾರಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ನೋಡಿದ ಮಟ್ಟವೇ ನಿಜವಾದ ಮಟ್ಟ.

ಇನ್ನು ಯಾವ ನೀರು? ನಮ್ಮಲ್ಲಿ ಹಳೆಯ ಕಾರುಗಳನ್ನು ಹೆಚ್ಚಾಗಿ ಕೊಂದಿರುವುದು ಬೋರ್‌ವೆಲ್ ನೀರು. ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ಬಡಾವಣೆಗಳ ಗಡಸು ನೀರು ಗೀಸರಿನ ಕಾಯಿಲ್‌ಗೆ ಏನು ಮಾಡುತ್ತದೆಂಬುದು ಅಲ್ಲಿರುವವರಿಗೆ ಗೊತ್ತು. ಅದೇ ಬಿಳಿ ಹಕ್ಕಳೆ ಎಂಜಿನ್ ಒಳಗೆ ಅತಿ ಬಿಸಿ ಇರುವ ಜಾಗದಲ್ಲೇ, ಎಂದರೆ ಹೆಡ್ಡಿನ ಒಳಗೋಡೆಯ ಮೇಲೆ ಕಟ್ಟುತ್ತದೆ. ಶಾಖ ದಾಟಬೇಕಾದ ಕಡೆಯೇ ಸುಣ್ಣದ ಗೋಡೆ ಎದ್ದಂತಾಯಿತು. ಉದುರಿದ ಚೂರುಗಳು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತವೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನ ಬೆಲೆ ಇದರ ಮುಂದೆ ಲೆಕ್ಕಕ್ಕೇ ಇಲ್ಲ.

‘ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಶಾಖ ಹೊರುವ ವಿಷಯದಲ್ಲಂತೂ ಶುದ್ಧ ನೀರು ಕೂಲೆಂಟಿಗಿಂತ ಮೇಲು. ಕೂಲೆಂಟ್ ಮುಖ್ಯವಾಗಿ ಬೇಕಾಗಿರುವುದು ಅದರಲ್ಲಿ ಬೆರೆಸಿರುವ ತುಕ್ಕುನಿರೋಧಕಗಳಿಗಾಗಿ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಬೆಸುಗೆಯ ಸೀಸ ಒಂದೇ ನೀರಿನಲ್ಲಿ ಬಿಸಿಯಾಗಿ ನೆನೆಯುತ್ತಿದ್ದರೆ ಒಂದನ್ನೊಂದು ತಿನ್ನುತ್ತವೆ. ಅದನ್ನು ತಡೆಯುವುದು ಈ ರಾಸಾಯನಿಕಗಳು. ಅವು ಕಾಲಕ್ರಮದಲ್ಲಿ ಸತ್ವ ಕಳೆದುಕೊಳ್ಳುತ್ತವೆ. ಸಾಂಪ್ರದಾಯಿಕ ಹಸಿರು ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಈ ಕಾರಣಕ್ಕೆ. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ, ಬಣ್ಣಕ್ಕೆ ಯಾವ ಕಟ್ಟುಪಾಡೂ ಇಲ್ಲ. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ಕೆಲವೊಮ್ಮೆ ಲೋಳೆಗಟ್ಟುತ್ತದೆ. ಡಬ್ಬಿಯ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ಅದಕ್ಕೆ ಆಗಲೇ ನೀರು ಬೆರೆಸಿದ್ದಾರೆ, ನೀವು ಮತ್ತೆ ಬೆರೆಸಬಾರದು. ಗ್ಯಾರೇಜುಗಳಲ್ಲಿ ಬಹಳ ಸಲ ನಡೆಯುವ ತಪ್ಪಿದು.

ಈಗ ಸೋರಿಕೆಯ ಹುಡುಕಾಟ. ಇದಕ್ಕೆ ದೊಡ್ಡ ಉಪಕರಣ ಬೇಡ. ರಾತ್ರಿ ಎಂಜಿನ್ ಕೆಳಗೆ ಅಗಲವಾದ ರಟ್ಟು ಹಾಸಿ, ಚಕ್ರ ಯಾವ ಕಡೆ ಎಂದು ಅದರ ಮೇಲೆ ಗುರುತು ಹಾಕಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಬಣ್ಣ ಏನು, ಮುಟ್ಟಿದರೆ ಜಾರುತ್ತದೆಯೇ ಎಂದು ನೋಡಿ. ಎ.ಸಿ. ನೀರಿಗೆ ಬಣ್ಣವೂ ಇಲ್ಲ, ಜಾರುಗುಣವೂ ಇಲ್ಲ. ಹನಿ ಬೀಳದಷ್ಟು ಸಣ್ಣ ಸೋರಿಕೆಯಾದರೆ ಬಿಸಿ ಲೋಹದ ಮೇಲೆ ಒಣಗಿ ಹಸಿರು ಅಥವಾ ಬಿಳಿ ಕಲೆ ಬಿಡುತ್ತದೆ. ಹೋಸಿನ ಕ್ಲಿಪ್ ಕೆಳಗೆ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಮ್ಮಿಗೆ ಕೂಡುವ ಅಂಚಿನಲ್ಲಿ, ಥರ್ಮೋಸ್ಟಾಟ್ ಮುಚ್ಚಳದ ಸುತ್ತ ಟಾರ್ಚ್ ಬಿಟ್ಟು ಹುಡುಕಬೇಕು. ವಾಟರ್ ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತು ಇರುತ್ತದೆ. ಅದು ತಯಾರಕರೇ ಬಿಟ್ಟದ್ದು. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹೊರಬಂದು ಎಚ್ಚರಿಸಲಿ ಎಂದು. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿರುವ ಪಂಪುಗಳನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಅಲ್ಲಿ ತೇವ ಕಂಡರೆ ಪಂಪ್ ಬದಲಿಸುವುದೊಂದೇ ದಾರಿ.

ಇನ್ನೊಂದು ಗುಪ್ತ ಜಾಗ ಡ್ಯಾಶ್‌ಬೋರ್ಡಿನ ಒಳಗಿನ ಹೀಟರ್. ಕಾರಿನೊಳಗೆ ಸಿಹಿಸಿಹಿ ವಾಸನೆ, ಮುಂದಿನ ಗಾಜಿನ ಒಳಬದಿಗೆ ಒರೆಸಿದರೂ ಹೋಗದ ಜಿಡ್ಡು ಮಂಜು, ಮುಂದಿನ ಸೀಟಿನ ಕಾಲಡಿ ಒದ್ದೆ ಕಾರ್ಪೆಟ್ ಕಂಡರೆ ನೀರು ಅಲ್ಲಿಂದ ಹೋಗುತ್ತಿದೆ. ಮಳೆಗಾಲದಲ್ಲಿ ಇದನ್ನು ಮಳೆನೀರು ಎಂದುಕೊಂಡು ತಿಂಗಳುಗಟ್ಟಲೆ ಬಿಟ್ಟವರಿದ್ದಾರೆ.

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಕ್ಯಾಪ್ ಹೊಸದು, ಆದರೂ ನೀರು ಇಳಿಯುತ್ತಿದೆ ಎಂದರೆ ಹೆಡ್ಡಿಗೂ ಸಿಲಿಂಡರುಗಳಿರುವ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಈ ಹೆಸರು ಕೇಳಿದರೆ ಎಲ್ಲರಿಗೂ ಭಯ. ಹಾಗಾಗಿ ಪರೀಕ್ಷೆಯನ್ನೇ ಮುಂದೂಡುತ್ತಾರೆ. ತಣ್ಣನೆಯ ಎಂಜಿನ್‌ನಲ್ಲಿ ಕ್ಯಾಪ್ ತೆಗೆದು, ಬಾಯಿಮಟ್ಟ ತುಂಬಿಸಿ, ಸ್ಟಾರ್ಟ್ ಮಾಡಿ. ಮೊದಲಿಗೆ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ. ನಿಲ್ಲದೆ ಬರುತ್ತಲೇ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೂ ಅದೇ ಅರ್ಥ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಡಿ. ಎರಡು ಕಂದುಬಣ್ಣಕ್ಕೆ ತಿರುಗಿದ್ದು ಮೂರನೆಯದು ಮಾತ್ರ ಉಜ್ಜಿ ತೊಳೆದಂತೆ ಹೊಳೆಯುತ್ತಿದ್ದರೆ ನೀರು ಬೀಳುತ್ತಿರುವ ಸಿಲಿಂಡರ್ ಅದೇ. ಖಚಿತವಾಗಬೇಕಿದ್ದರೆ ಒಳ್ಳೆಯ ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರ ಮೂಲಕ ಹಾಯಿಸುತ್ತಾರೆ, ಹೊಗೆಯ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಳದಿ ಬರುತ್ತದೆ.

ಆಯಿಲ್ ವಿಚಾರದಲ್ಲಿ ಒಂದು ಎಚ್ಚರಿಕೆ. ಆಯಿಲ್ ತುಂಬಿಸುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ನೊರೆ ಕಂಡ ತಕ್ಷಣ ‘ಗ್ಯಾಸ್ಕೆಟ್ ಹೊಡೆದಿದೆ’ ಎಂದು ಹೆಡ್ ಬಿಚ್ಚಿಸಬೇಡಿ. ಮಲೆನಾಡಿನ ಮಳೆಗಾಲದಲ್ಲಿ, ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ, ಒಳಗಿನ ತೇವವೇ ಹಾಗೆ ಕಟ್ಟಿಕೊಳ್ಳುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೂ ಹಾಲುಬೆರೆತ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಗಾಬರಿಯಾಗಬೇಕು. ಆಮೇಲೆ ಆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು.

ನೀರು ಇಳಿಯುವುದಿಲ್ಲ, ಆದರೂ ಬಿಸಿಯಾಗುತ್ತದೆ ಎನ್ನುವವರಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಯಾವಾಗ? ಟ್ರಾಫಿಕ್ಕಿನಲ್ಲಿ ಏರಿ, ರಸ್ತೆ ಬಿಟ್ಟಾಗ ಇಳಿದರೆ ಫ್ಯಾನ್ ಕೆಲಸ ಮಾಡುತ್ತಿಲ್ಲ. ಅದರ ಶಾಖದ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಎರಡು ತುದಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದರೆ ಗೊತ್ತಾಗುತ್ತದೆ. ಫ್ಯಾನ್ ತಿರುಗಿದರೆ ಸ್ವಿಚ್ ಸತ್ತಿದೆ, ತಿರುಗದಿದ್ದರೆ ಫ್ಯೂಸ್, ರಿಲೇ ಅಥವಾ ಮೋಟಾರ್. ಹೆದ್ದಾರಿಯಲ್ಲಿ ಅಥವಾ ಘಾಟಿಯಲ್ಲಿ ಏರಿ, ಊರೊಳಗೆ ಸರಿಯಿದ್ದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಪಂಪಿನ ಒಳಗಿನ ರೆಕ್ಕೆಗಳು ತುಕ್ಕು ಹಿಡಿದು ಕರಗಿವೆ, ಅಥವಾ ಮೆತ್ತಗಾದ ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಮುಚ್ಚಿಕೊಳ್ಳುತ್ತಿದೆ. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಧೂಳು, ಹುಳು, ಒಣಹುಲ್ಲು ಕಂಬಳಿಯಷ್ಟು ದಪ್ಪ ಕೂತಿರುವುದೂ ಉಂಟು. ಕಾರ್ಬ್ಯುರೇಟರ್ ಕಾಲದ ಗಾಡಿಯಾದರೆ ಟೈಮಿಂಗ್ ಹಿಂದೆ ಬಿದ್ದಿದ್ದರೂ ಎಂಜಿನ್ ಕಾಯುತ್ತದೆ. ಕೂಲೆಂಟಿನಲ್ಲಿ ಎಷ್ಟು ಹುಡುಕಿದರೂ ಆ ದೋಷ ಸಿಗುವುದಿಲ್ಲ.

ಥರ್ಮೋಸ್ಟಾಟಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಇಷ್ಟು ಅನ್ಯಾಯಕ್ಕೆ ಒಳಗಾದ ಭಾಗ ಇನ್ನೊಂದಿಲ್ಲ. ಎಂಜಿನ್ ಬಿಸಿಯಾಗುತ್ತದೆ ಎಂದು ಹೋದರೆ ಅನೇಕ ಕಡೆ ಮೊದಲ ಚಿಕಿತ್ಸೆಯೇ ‘ಥರ್ಮೋಸ್ಟಾಟ್ ತೆಗೆದುಬಿಡೋಣ ಸಾರ್, ನಮ್ಮ ಹವೆಗೆ ಅದು ಬೇಡ.’ ಇದು ಮೂಢನಂಬಿಕೆ. ಎಂಜಿನ್ ಕಾಯುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಅದು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಕಾಯಲು ಬಹಳ ಹೊತ್ತು ಹಿಡಿಯುತ್ತದೆ. ಮುಂಜಾನೆಯ ಸಣ್ಣ ಓಡಾಟದಲ್ಲಿ ಕಾಯುವುದೇ ಇಲ್ಲ. ತಣ್ಣನೆಯ ಎಂಜಿನ್ ಹೆಚ್ಚು ಪೆಟ್ರೋಲ್ ಉರಿಸುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ರಿಂಗುಗಳನ್ನು ಸವೆಸುತ್ತದೆ, ಆಯಿಲಿನೊಳಗಿನ ತೇವ ಆರುವುದಿಲ್ಲ. ಕೆಲವು ಎಂಜಿನ್‌ಗಳಲ್ಲಂತೂ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಒಳದಾರಿಯಲ್ಲೇ ಸುತ್ತಿ ಬಿಸಿ ಇನ್ನೂ ಹೆಚ್ಚುತ್ತದೆ.

ಅದು ಕೆಟ್ಟಿದೆಯೇ ಎಂದು ನೋಡಲು ಅಡುಗೆಮನೆಯ ಒಲೆ ಸಾಕು. ಬಿಚ್ಚಿ ತೊಳೆದ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ಅಡುಗೆಗೆ ಬಳಸದ ಹಳೆಯ ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ತೂಗಬಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಥರ್ಮೋಸ್ಟಾಟಿನ ಮೇಲೆ 82 ಎಂದು ಒತ್ತಿದ್ದರೆ, ನೀರು ಆ ತಾಪಕ್ಕೆ ಬರುವವರೆಗೂ ಅದು ಅಲ್ಲಾಡುವುದಿಲ್ಲ. ಆಮೇಲೆ ಹಿತ್ತಾಳೆಯ ಸಣ್ಣ ಬಟ್ಟಲಿನೊಳಗಿನ ಮೇಣ ಕರಗಿ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ. ತಟ್ಟೆಯ ಅಂಚಿನಲ್ಲಿ ಕೂದಲೆಳೆಯ ಬೆಳಕು ಮೂಡುತ್ತದೆ. ನೀರು ಕುದಿಯುವ ಹೊತ್ತಿಗೆ ಕಿರುಬೆರಳಿನ ತುದಿ ತೂರುವಷ್ಟು ಬಾಯಿ ಬಿಟ್ಟಿರುತ್ತದೆ. ಒಲೆ ಆರಿಸಿದರೆ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ತೆರೆಯದಿದ್ದರೆ ಅಥವಾ ಮುಚ್ಚದಿದ್ದರೆ ಎಸೆದು ಹೊಸದು ಹಾಕಿ. ಹಾಕಿದ ಮೇಲೆ ಎಂಜಿನ್ ಓಡಿಸುತ್ತಾ, ಹೀಟರ್ ತೆರೆದಿಟ್ಟು, ಒಳಗಿನ ಗಾಳಿಯೆಲ್ಲ ಬರುವವರೆಗೆ ನಿಧಾನವಾಗಿ ಕೂಲೆಂಟ್ ತುಂಬಬೇಕು. ಈ ತಾಳ್ಮೆ ಇಲ್ಲದ ಕಡೆ ಹೊಸ ಬಿಡಿಭಾಗ ಹಾಕಿದ ಮರುದಿನವೇ ಗಾಡಿ ಮತ್ತೆ ಕಾಯುತ್ತದೆ.

ಘಾಟಿಯಲ್ಲಿ ಬಿಸಿಯಾದರೆ? ಆಗುಂಬೆಯ 14 ತಿರುವುಗಳನ್ನಾಗಲಿ, ಶಿರಾಡಿಯನ್ನಾಗಲಿ ಲಾರಿಯ ಹಿಂದೆ ಮೊದಲ ಗೇರಿನಲ್ಲಿ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ. ಸೂಜಿ ಏರತೊಡಗಿದ ಕೂಡಲೇ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಹೀಟರೂ ಒಂದು ಸಣ್ಣ ರೇಡಿಯೇಟರೇ. ಬ್ಯಾಟರಿಯ ಕೆಂಪು ದೀಪವೂ ಜೊತೆಗೆ ಹೊತ್ತಿಕೊಂಡರೆ ಮುಂದೆ ಹೋಗಲೇಬೇಡಿ. ಮಾರುತಿ 800ರಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ಹರಿದಿದೆ ಎಂದರ್ಥ. ಏರಿದ್ದ ಸೂಜಿ ಇದ್ದಕ್ಕಿದ್ದಂತೆ ತಳಕ್ಕೆ ಬಿದ್ದರೆ ಸಂತೋಷಪಡುವ ಹಾಗಿಲ್ಲ. ನೀರು ಪೂರ್ತಿ ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಾಗಲೂ ಹಾಗೇ ಆಗುತ್ತದೆ.

ನಿಲ್ಲಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಕ್ಯಾಪ್ ಮುಟ್ಟಬೇಡಿ. ಒತ್ತಡದಲ್ಲಿ ನೂರು ಡಿಗ್ರಿ ದಾಟಿರುವ ನೀರು ಕ್ಯಾಪ್ ಸಡಿಲವಾದ ಕ್ಷಣ ಆವಿಯಾಗಿ ಮುಖಕ್ಕೆ ಸಿಡಿಯುತ್ತದೆ. ಸುಟ್ಟ ಗಾಯ ಸಣ್ಣದಾಗಿರುವುದಿಲ್ಲ. ಕಾದ ಎಂಜಿನ್‌ಗೆ ತಣ್ಣೀರನ್ನು ಒಮ್ಮೆಗೇ ಸುರಿದರೆ ಹೆಡ್ ಬಿರುಕುಬಿಡಬಹುದು. ತಣಿದ ನಂತರ ದಪ್ಪ ಒದ್ದೆಬಟ್ಟೆ ಹಿಡಿದು, ಮೊದಲ ಹಂತದವರೆಗೆ ತಿರುಗಿಸಿ ಆವಿ ಬಿಟ್ಟು, ಆಮೇಲೆ ತೆಗೆಯಿರಿ. ಚಾರ್ಮಾಡಿಯಂಥ ಕಡೆ ಮಳೆಗಾಲದಲ್ಲಿ ರಸ್ತೆಬದಿಯ ಝರಿಯ ನೀರು ಹಾಕಬಹುದು. ಅದು ಮೃದು ನೀರು, ಮನೆ ಸೇರುವವರೆಗೆ ಸಾಕು. ಹಳೆಯ ಡ್ರೈವರುಗಳು ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕಿ ಊರು ತಲುಪುತ್ತಿದ್ದರು. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಗಳದ್ದೂ ಅದೇ ಕೆಲಸ. ಊರು ತಲುಪಲು ಸರಿ. ಅಲ್ಲೇ ಬಿಟ್ಟರೆ ಹೀಟರಿನ, ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಅವೇ ಮುಚ್ಚುತ್ತವೆ.

ಒಮ್ಮೆ ಚೆನ್ನಾಗಿ ಕಾದ ಎಂಜಿನ್‌ನಲ್ಲಿ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಒಪ್ಪಬೇಡಿ. ಅಲ್ಯೂಮಿನಿಯಂ ಹೆಡ್ ಬಾಗಿದೆಯೇ ಎಂದು ಉಕ್ಕಿನ ನೇರಪಟ್ಟಿ ಇಟ್ಟು, ಫೀಲರ್ ಗೇಜ್ ತೂರಿಸಿ ನಿಮ್ಮೆದುರೇ ಅಳೆಯಲು ಹೇಳಿ. ಇಂಥ ಸಣ್ಣ ಎಂಜಿನ್‌ನಲ್ಲಿ ಸಹಿಸಬಹುದಾದ ಬಾಗು 0.05 ಮಿಲಿಮೀಟರಿನ ಸುಮಾರಿಗೆ. ಹೆಚ್ಚಿದ್ದರೆ ಹೆಡ್ಡನ್ನು ಫೇಸಿಂಗಿಗೆ ಕಳಿಸಲೇಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೆಲವೇ ತಿಂಗಳಲ್ಲಿ ಮತ್ತೆ ಹೋಗುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. ಕೂಲೆಂಟಿನ ಮುಖ್ಯ ಅಂಶ ಎಥಿಲೀನ್ ಗ್ಲೈಕಾಲ್. ಅದರ ರುಚಿ ಸಿಹಿ, ಆದರೆ ಅದು ಮೂತ್ರಪಿಂಡವನ್ನು ಹಾಳುಮಾಡುವ ವಿಷ. ಗ್ಯಾರೇಜಿನ ಮುಂದೆ ಹರಿಯಬಿಟ್ಟ ಹಸಿರು ನೀರನ್ನು ಬೀದಿನಾಯಿ, ಬೆಕ್ಕುಗಳು ನೆಕ್ಕುತ್ತವೆ; ಸ್ವಲ್ಪವೇ ಹೊಟ್ಟೆ ಸೇರಿದರೂ ಅವು ಬದುಕುವುದು ಕಷ್ಟ. ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಉಳಿದ ಕೂಲೆಂಟ್ ತುಂಬಿಟ್ಟರೆ ಮಕ್ಕಳು ಕುಡಿಯುವ ಅಪಾಯವಿದೆ. ಬಸಿದ ಕೂಲೆಂಟನ್ನು ಚರಂಡಿಗೆ ಬಿಡಬೇಡಿ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ‘ವಿಷ’ ಎಂದು ಬರೆದು, ಹಳೆಯ ಆಯಿಲ್ ಮತ್ತು ಕೂಲೆಂಟನ್ನು ಬೇರೆ ಬೇರೆಯಾಗಿ ಸಂಗ್ರಹಿಸಿ ವಿಲೇವಾರಿ ಮಾಡುವ ಸರ್ವೀಸ್ ಸೆಂಟರಿಗೆ ಒಪ್ಪಿಸಿ. ನೆಲಕ್ಕೆ ಚೆಲ್ಲಿದ್ದರೆ ಮರಳು ಹಾಕಿ ಹೀರಿಸಿ ಗುಡಿಸಿ ತೆಗೆದು, ಆಮೇಲೆ ಧಾರಾಳ ನೀರು ಹಾಕಿ ತೊಳೆಯಿರಿ.